ವಿದ್ಯಾರಣ್ಯಪುರಂನಿಂದ ಸುತ್ತೂರಿಗೆ: ಒಂದು ಸೈಕಲ್ ಯಾತ್ರೆ

ಯಾತ್ರೆಯೆಂಬ ಮಾತಿಗೆ ನಮ್ಮ ಮನೆಗಳಲ್ಲಿ ಈಗ ಉಳಿದಿರುವ ಅರ್ಥ ಬಹಳ ಕಿರಿದಾದುದು. ಬಾಡಿಗೆಯ ವಾಹನವೊಂದನ್ನು ಗೊತ್ತುಮಾಡಿ, ನಸುಕಿನಲ್ಲಿ ಹೊರಟು, ಒಂದೇ ದಿನದಲ್ಲಿ ನಾಲ್ಕು ಕ್ಷೇತ್ರಗಳನ್ನು ಮುಗಿಸಿ ರಾತ್ರಿ ಮನೆ ಸೇರಿದರೆ ಯಾತ್ರೆ ಸಾಂಗವಾಯಿತೆಂದು ತಿಳಿಯುತ್ತೇವೆ. ಕ್ಷೇತ್ರಕ್ಕೂ ಕ್ಷೇತ್ರಕ್ಕೂ ನಡುವಿನ ನಾಡು ಕಿಟಕಿಯ ಗಾಜಿನಾಚೆ ಓಡಿಹೋಗುತ್ತದೆ. ಎತ್ತಿನ ಗಾಡಿ ಕಟ್ಟಿಕೊಂಡು, ಬುತ್ತಿಯ ಗಂಟು ಹೊತ್ತು ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರಿಗೆ ದಾರಿಯೂ ಕ್ಷೇತ್ರದ ಒಂದು ಭಾಗವೇ ಆಗಿತ್ತು. ಆ ಗಾಡಿಯ ಕಾಲಕ್ಕೆ ಮರಳುವುದು ಆಗದ ಮಾತು. ಆದರೆ ನಡಿಗೆಗಿಂತ ತುಸು ವೇಗವಾಗಿ, ಮೋಟಾರಿಗಿಂತ ಬಹಳ ನಿಧಾನವಾಗಿ, ಗಾಳಿಯ ವಾಸನೆಯನ್ನೂ ಮಣ್ಣಿನ ಬಣ್ಣವನ್ನೂ ತಪ್ಪಿಸದೆ ಕರೆದೊಯ್ಯುವ ವಾಹನವೊಂದು ಇಂದಿಗೂ ಅನೇಕ ಮನೆಗಳ ಜಗಲಿಯಲ್ಲಿ ಧೂಳು ಹಿಡಿದು ನಿಂತಿದೆ. ಅದೇ ಸೈಕಲ್ಲು.

ಪಶ್ಚಿಮ ದೇಶಗಳಲ್ಲಿ ಸೈಕಲ್ಲಿನ ಮೇಲೆ ಕೋಟೆಗಳನ್ನೂ ಪುರಾತನ ಮಠಗಳನ್ನೂ ನೋಡುತ್ತ ಸಾಗುವ ಪದ್ಧತಿ ಚೆನ್ನಾಗಿ ಬೇರೂರಿದೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯ ಇದಕ್ಕೆ ಬಹಳ ಹೆಸರಾದುದು. ಫ್ರಾನ್ಸಿನ ಜಗತ್ಪ್ರಸಿದ್ಧ ಸೈಕಲ್ ಪಂದ್ಯ 2014ರಲ್ಲಿ ಆರಂಭವಾದುದು ಅಲ್ಲಿಂದಲೇ. ಅಲ್ಲಿನ ಏರಿಳಿತದ ಹಸುರು ದಿಣ್ಣೆಗಳ ನಡುವೆ ಫೌಂಟನ್ಸ್ ಎಂಬ ಕ್ರೈಸ್ತ ಮಠವೊಂದಿದೆ. ಯಾರ್ಕ್ ನಗರದ ಮಠವೊಂದರ ಶಿಥಿಲಾಚಾರಕ್ಕೆ ಬೇಸತ್ತ 13 ಮಂದಿ ಸಂನ್ಯಾಸಿಗಳು 1132ರಲ್ಲಿ ಅದನ್ನು ಸ್ಥಾಪಿಸಿದರು. ಮೈಮುರಿದು ದುಡಿಯುವುದನ್ನು ವ್ರತವಾಗಿ ಕೈಕೊಂಡ ಪಂಥ ಅವರದು. ಕುರಿ ಸಾಕಿ, ಉಣ್ಣೆ ಮಾರಿ ಮಠವನ್ನು ಬೆಳೆಸಿದರು. ನಮ್ಮ ನಾಡಿನಲ್ಲಿ ಬಸವಾದಿ ಶರಣರು ಕಾಯಕವನ್ನು ಎತ್ತಿಹಿಡಿದುದೂ ಅದೇ ಹನ್ನೆರಡನೆಯ ಶತಮಾನದಲ್ಲಿ ಎಂಬುದನ್ನು ನೆನೆದಾಗ ಮನಸ್ಸು ಒಂದು ಗಳಿಗೆ ನಿಲ್ಲುತ್ತದೆ. ಎರಡು ನಾಡುಗಳಿಗೆ ಪರಸ್ಪರ ಅರಿವೇ ಇಲ್ಲದಿದ್ದಾಗಲೂ ದುಡಿಮೆಯೇ ಪೂಜೆಯೆಂಬ ಹಂಬಲ ಎರಡೂ ಕಡೆ ಹುಟ್ಟಿತ್ತು. ಆದರೆ ಮುಂದಿನ ಕಥೆ ಬೇರೆ. ಎಂಟನೆಯ ಹೆನ್ರಿಯೆಂಬ ಅರಸ ದೇಶದ ಮಠಗಳನ್ನೆಲ್ಲ ಮುಚ್ಚಿಸಿದ. 1539ರಲ್ಲಿ ಫೌಂಟನ್ಸ್ ಮಠವೂ ಅವನ ವಶವಾಯಿತು. ಅದರ ಕಲ್ಲುಗಳನ್ನು ಕಿತ್ತು ಪಕ್ಕದಲ್ಲೇ ಸಿರಿವಂತರ ಬಂಗಲೆ ಕಟ್ಟಿದರು. ಸೈಕಲ್ಲಿನಲ್ಲಿ ಅಲ್ಲಿಗೆ ಹೋದವರು ಇಂದು ಕಾಣುವುದು ಮಾಡಿಲ್ಲದ ಗೋಡೆಗಳನ್ನು, ಹುಲ್ಲು ಹಾಸಿದ ಅಂಗಳವನ್ನು. 1986ರಿಂದ ಅದು ವಿಶ್ವ ಪರಂಪರೆಯ ತಾಣ. ಅಡುಗೆಮನೆ ಇದ್ದ ಜಾಗವನ್ನೂ ತೋರಿಸುತ್ತಾರೆ, ಒಲೆ ಮಾತ್ರ ಆರಿ ಐದು ಶತಮಾನಗಳಾಗುತ್ತ ಬಂತು.

ನಮ್ಮ ಕಡೆ ಇಂತಹ ದಾರಿ ಇಲ್ಲವೇ ಎಂದು ಕೇಳಿಕೊಂಡಾಗ ದೂರ ಹುಡುಕಬೇಕಾಗಲಿಲ್ಲ. ಮೈಸೂರಿನ ದಕ್ಷಿಣದಂಚಿನ ವಿದ್ಯಾರಣ್ಯಪುರಂನಿಂದ ಹೊರಟು, ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ನದಿಯ ಬದಿಯ ಸೀಮೆಯಲ್ಲಿ ಸುತ್ತೂರಿಗೆ ಹೋಗಿ, ಅಲ್ಲಿಂದ ವರುಣದ ಮೇಲೆ ಚಾಮುಂಡಿ ಬೆಟ್ಟದ ಅಡಿಗೆ ಮರಳಿದರೆ ಸುಮಾರು 70 ಕಿ.ಮೀ. ಆಗುತ್ತದೆ. ಸಾಧಾರಣ ಸೈಕಲ್ಲಿನ ಮೇಲೆ ಒಂದು ದಿನದ ದಾರಿ. ಬೆಟ್ಟ ಇಡೀ ದಾರಿಯಲ್ಲಿ ಎಡಗಡೆಗೇ ಬೀಳುವುದರಿಂದ ಇದು ಪ್ರದಕ್ಷಿಣೆಯಾಗದೆ ಅಪ್ರದಕ್ಷಿಣೆಯಾಗುತ್ತದಲ್ಲ ಎಂದು ನಮ್ಮಲ್ಲೊಬ್ಬ ಹಿರಿಯರು ಆಕ್ಷೇಪಿಸಿದರು. ಹೆದ್ದಾರಿಯನ್ನು ಲಾರಿಗಳು ಏಳುವ ಮುನ್ನವೇ ಮುಗಿಸಬೇಕು, ಮಧ್ಯಾಹ್ನದ ಪ್ರಸಾದಕ್ಕೆ ಸುತ್ತೂರಿನಲ್ಲಿರಬೇಕು ಎಂಬ ಎರಡು ಕಾರಣಗಳನ್ನು ಹೇಳಿದ ಮೇಲೆ ಅವರು ಎರಡನೆಯದನ್ನು ಒಪ್ಪಿದರು.

ವಿದ್ಯಾರಣ್ಯಪುರಂ ಮಧ್ಯಮ ವರ್ಗದವರ, ಕೆಲಸಗಾರರ ಬಡಾವಣೆ. 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಸಮೀಪದ ಮಾನಂದವಾಡಿ ರಸ್ತೆಯಲ್ಲಿದೆ. ಒಂದು ಕಾಲಕ್ಕೆ ಈ ಭಾಗದ ಬೀದಿಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಸೈಕಲ್ಲುಗಳ ಗಂಟೆಯ ಸದ್ದೇ ಸದ್ದು. ನಗರದ ಕಸವೆಲ್ಲ ಬಂದು ಸೇರುವ ಸೂಯೇಜ್ ಫಾರಂ ಕೂಡ ಇಲ್ಲಿಯದೇ. ಗಾಳಿ ಆ ಕಡೆಯಿಂದ ಬೀಸಿದ ದಿನ ಸೈಕಲ್ ಸವಾರನ ಕಾಲಿಗೆ ತಾನಾಗಿ ಚುರುಕು ಬರುತ್ತದೆ.

ಕೋಟೆಯ ವಿಚಾರವನ್ನು ಹೊರಡುವ ಮುನ್ನವೇ ಹೇಳಿಬಿಡುವುದು ಲೇಸು. ಬಡಾವಣೆಯಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಅರಮನೆಯನ್ನು ಸುತ್ತುವರಿದ ಮೈಸೂರು ಕೋಟೆಯಿದೆ. ಹಿರಿಯ ಬೆಟ್ಟದ ಚಾಮರಾಜ ಒಡೆಯರು 1524ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದರೆಂದು ಇತಿಹಾಸ ಹೇಳುತ್ತದೆ. ಟಿಪ್ಪು ಸುಲ್ತಾನನು ಆ ಕೋಟೆಯನ್ನು ಕೆಡವಿಸಿ, ಕಲ್ಲುಗಳನ್ನು ಪೂರ್ವದ ದಿಣ್ಣೆಗೆ ಸಾಗಿಸಿ ನಜರಬಾದಿನಲ್ಲಿ ಹೊಸ ಕೋಟೆಗೆ ಕೈಹಾಕಿದನು. ಅದು ಮುಗಿಯಲೇ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವೇ ಕಲ್ಲುಗಳು ಮರಳಿ ಮೈಸೂರಿಗೆ ಬಂದವು. ಹೊತ್ತವರ ಹೆಗಲನ್ನು ನೆನೆದರೆ ಅರಸರ ಕಥೆಗಿಂತ ಆ ಕಲ್ಲುಗಳ ಕಥೆಯೇ ದೊಡ್ಡದೆನ್ನಿಸುತ್ತದೆ. ದೊಡ್ಡ ಕೋಟೆಯನ್ನೇ ನೋಡಬೇಕೆನ್ನುವವರು ಶ್ರೀರಂಗಪಟ್ಟಣಕ್ಕೆ ಇನ್ನೊಂದು ದಿನ ಹೋಗಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಸೈಕಲ್ಲಿನಂತಹ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶ ನಿಂತಿರುವುದರಿಂದ ಅತ್ತ ಹೋಗುವವರು ಪಕ್ಕದ ಸೇವಾ ರಸ್ತೆಯನ್ನೇ ಹಿಡಿಯಬೇಕು. ದ್ವೀಪದೊಳಗೆ ಸೇರಿದ ಮೇಲೆ ಮಾತ್ರ ಕೋಟೆಯ ಗೋಡೆ, ಕಂದಕ, 1784ರ ದರಿಯಾ ದೌಲತ್ ಎಲ್ಲವನ್ನೂ ಸುತ್ತಲು ಸೈಕಲ್ಲಿಗಿಂತ ಅನುಕೂಲವಾದುದು ಇಲ್ಲ.

ನಾವು ದಕ್ಷಿಣದ ದಾರಿ ಹಿಡಿದೆವು. ಪ್ರಾತಃಕಾಲ ಇಷ್ಟಲಿಂಗ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನಂಜನಗೂಡು ರಸ್ತೆ ಸೇರಿದಾಗ ಬೆಳಗಿನ ಐದೂವರೆ. ಬಂಡಿಪಾಳ್ಯದ ಮಾರುಕಟ್ಟೆಯಲ್ಲಿ ಆಗಲೇ ತರಕಾರಿಯ ವ್ಯಾಪಾರ ರಂಗೇರಿತ್ತು. ಮುಂದೆ ಮಂಡಕಳ್ಳಿ, ಅರಸರ ಕಾಲದಲ್ಲಿ, 1940ರಲ್ಲಿ ಆದ ವಿಮಾನ ನಿಲ್ದಾಣ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿದ್ದರೆ ನಂಜನಗೂಡು ಅದಕ್ಕಿಂತ ನೂರು ಮೀಟರಿನಷ್ಟು ತಗ್ಗಿನಲ್ಲಿದೆ. ಆದುದರಿಂದ ಹೋಗುವಾಗ ದಾರಿಯೇ ಸೈಕಲ್ಲನ್ನು ತಳ್ಳಿಕೊಡುತ್ತದೆ. ಕಡಕೊಳ, ತಾಂಡವಪುರಗಳ ಕಾರ್ಖಾನೆಗಳ ಸಾಲು ದಾಟುವವರೆಗೆ ವರ್ಣಿಸಬೇಕಾದುದು ಹೆಚ್ಚೇನೂ ಇಲ್ಲ. ಸತ್ಯವನ್ನೇ ಹೇಳಬೇಕೆಂದರೆ ಈ 23 ಕಿ.ಮೀ. ನಮಗೆ ಹಿತವಾಗಲಿಲ್ಲ. ರಾಷ್ಟ್ರೀಯ ಹೆದ್ದಾರಿ ಅಗಲವಾಗಿದೆ, ನುಣುಪಾಗಿದೆ, ಸೈಕಲ್ಲಿಗೆಂದು ಅದರಲ್ಲಿ ಒಂದು ಗೇಣು ಜಾಗವೂ ಇಲ್ಲ.

ಆ ಹೊತ್ತಿಗೆ ಎದುರಾದವರು ಶಾಲೆಯ ಮಕ್ಕಳು. ಸಮವಸ್ತ್ರ ತೊಟ್ಟ ಹೆಣ್ಣುಮಕ್ಕಳು ರಸ್ತೆಯ ಬಿಳಿ ಗೆರೆಯಾಚೆ, ಜಲ್ಲಿಯ ಮೇಲೆ, ತಲೆ ತಗ್ಗಿಸಿಕೊಂಡು ಸೈಕಲ್ ತುಳಿಯುತ್ತಿದ್ದರು. ಪಕ್ಕದಲ್ಲಿ ಲಾರಿ ಹಾದಾಗಲೆಲ್ಲ ಸಾಲು ಒಮ್ಮೆ ಬಾಗುತ್ತಿತ್ತು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿ ಹಲವು ವರ್ಷ ನಡೆಸಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿದ್ದು ಆ ಸೈಕಲ್ಲಿನ ಬಲದಿಂದ. ಒಂದು ಅಪಘಾತವಾದರೆ ಸಾಕು, ಊರಿನ ತಾಯ್ತಂದೆಯರು ಸೈಕಲ್ಲಿಗೆ ಬೀಗ ಹಾಕಿಬಿಡುತ್ತಾರೆ; ಬಸ್ಸಿಲ್ಲದ ಊರಿನಲ್ಲಿ ಓದಿಗೂ ಅಲ್ಲಿಗೇ ಬೀಗ ಬೀಳುತ್ತದೆ. ಮೈಸೂರು ನಗರದೊಳಗೆ 2017ರಲ್ಲಿ ‘ಟ್ರಿನ್ ಟ್ರಿನ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂದಾಗ ದೇಶವೇ ತಿರುಗಿ ನೋಡಿತು. ನಗರದ ಹೊರಗೆ, ಸೈಕಲ್ಲೇ ಗತಿಯಾದವರಿಗೆ, ಹೆದ್ದಾರಿಯ ಬದಿಯಲ್ಲಿ ಒಂದು ಪ್ರತ್ಯೇಕ ಪಥವನ್ನು ಕೇಳಲು ನಮ್ಮ ಸಮಾಜದ ಸಂಘಟನೆಗಳು ಏಕೆ ಮುಂದಾಗಬಾರದು? ಸಮುದಾಯ ಭವನಗಳಿಗಾಗಿ ಮನವಿಪತ್ರ ಸಲ್ಲಿಸುವ ಉತ್ಸಾಹದಲ್ಲಿ ಕಾಲುಭಾಗ ಇದಕ್ಕೆ ಸಂದರೂ ಸಾಕು.

ನಂಜನಗೂಡಿಗೆ ಮುನ್ನ ಕಪಿಲಾ ನದಿ. ಕಬಿನಿಯೆಂದೂ ಇದಕ್ಕೆ ಹೆಸರು. ಹೊಸ ಸೇತುವೆಯ ಮೇಲೆ ನಿಂತು ಪಕ್ಕಕ್ಕೆ ನೋಡಿದರೆ 1735ರ ಹಳೆಯ ಕಲ್ಲು ಸೇತುವೆ ಕಾಣುತ್ತದೆ. ಕಳಲೆ ಮನೆತನದ ದಳವಾಯಿ ದೇವರಾಜನು ಕಟ್ಟಿಸಿದ್ದು. ಗಾಡಿಗಳಿಗಾಗಿ ಕಟ್ಟಿದ ಈ ಸೇತುವೆಯ ಮೇಲೆ ಮುಂದೆ ರೈಲು ಹಳಿಗಳನ್ನೂ ಹಾಸಿದರು. ಮೀಟರ್‌ಗೇಜ್ ರೈಲು 2007ರವರೆಗೂ ಅದರ ಮೇಲೆಯೇ ಓಡಿತು. ಉಗಿಬಂಡಿಯ ಕಲ್ಪನೆಯೂ ಇಲ್ಲದ ಕಾಲದ ಗಾರೆ ಕೆಲಸ ಅದರ ಭಾರವನ್ನು ನೂರು ವರ್ಷಕ್ಕೂ ಮಿಕ್ಕಿ ಹೊತ್ತಿತು. ಈಗ ಅದರ ಮೇಲೆ ಹುಲ್ಲು ಬೆಳೆಯುತ್ತದೆ. ದುರಸ್ತಿಮಾಡಿ ಪಾದಚಾರಿಗಳಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರೆ ಅದಕ್ಕಿಂತ ಭಾರವಾದುದೇನನ್ನೂ ಅದು ಹೊರಬೇಕಾಗಿಲ್ಲ, ಜನರಿಗೂ ಹೆದ್ದಾರಿಯ ಸೇತುವೆಯ ಭಯ ತಪ್ಪುತ್ತದೆ.

ಕಳಲೆಯ ಅರಸುಗಳ ಊರು ನಂಜನಗೂಡಿನ ಸಮೀಪದಲ್ಲೇ ಇದೆ. ಮೈಸೂರು ಸಿಂಹಾಸನದ ಹಿಂದೆ ನಿಂತು ಆಳಿದವರು ಅವರು. ಅದೇ ಮನೆತನದ ಕಳಲೆ ನಂಜರಾಜ ಸೇನೆ ನಡೆಸಿದ್ದಲ್ಲದೆ ಕನ್ನಡದಲ್ಲಿ ಹಲವು ಶೈವ ಕೃತಿಗಳನ್ನು ರಚಿಸಿದನು. 1761ರಲ್ಲಿ ಹೈದರಾಲಿ ಅಧಿಕಾರವನ್ನು ಕೈಗೆ ತೆಗೆದುಕೊಂಡ ಮೇಲೆ ಆ ಮನೆತನದ ಪ್ರಭಾವ ಇಳಿಯಿತು. ಇಂದು ಅವರ ಹೆಸರನ್ನು ಜನ ನೆನೆಯುವುದು ಯುದ್ಧಗಳಿಂದಲ್ಲ, ಸೇತುವೆಯಿಂದ, ಗ್ರಂಥಗಳಿಂದ.

ಶ್ರೀಕಂಠೇಶ್ವರನ ಸನ್ನಿಧಿಯ ರಾಜಗೋಪುರ ಸುಮಾರು 120 ಅಡಿ ಎತ್ತರದ್ದು, ಏಳು ಅಂತಸ್ತಿನದು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಕಟ್ಟಿಸಿದುದು. ಇಷ್ಟಲಿಂಗಧಾರಿಗಳಿಗೆ ಸ್ಥಾವರಲಿಂಗದ ದರ್ಶನ ಅನಿವಾರ್ಯವಲ್ಲವೆಂಬುದು ನಿಜ. ಆದರೂ ಇಲ್ಲಿ ನೋಡಲೇಬೇಕಾದ ಒಂದು ಭಾಗವಿದೆ. ಒಳಪ್ರಾಕಾರದಲ್ಲಿ ಅರವತ್ತಮೂವರು ಪುರಾತನರ ಮೂರ್ತಿಗಳು ಸಾಲಾಗಿ ನಿಂತಿವೆ. ಹರಿಹರನ ರಗಳೆಗಳಲ್ಲಿ ನಾವು ಓದಿದ ಬೇಡರ ಕಣ್ಣಪ್ಪನೇ ಮೊದಲಾದ ಭಕ್ತರನ್ನು ಕಲ್ಲಿನಲ್ಲಿ ಕಾಣುವಾಗ ಮಕ್ಕಳಿಗೆ ಒಬ್ಬೊಬ್ಬರ ಕಥೆ ಹೇಳುವುದಕ್ಕೆ ಒಂದು ಗಂಟೆಯೂ ಸಾಲದು. ಸೈಕಲ್ಲಿನಲ್ಲಿ ಬಂದವರಿಗೆ ಹಾರನ್ ಬಾರಿಸಿ ಕರೆಯುವ ಚಾಲಕನಿಲ್ಲದಿರುವುದು ಇಲ್ಲಿ ದೊಡ್ಡ ಉಪಕಾರ.

ಹೊರಗೆ ಬಂದು ಬಾಳೆಹಣ್ಣು ಕೊಂಡೆವು. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ದೇವರಸನಹಳ್ಳಿಯ ಸುತ್ತಣ ಕಪ್ಪು ಮಣ್ಣಿಗೆ ಮಾತ್ರ ಒಲಿದ ಸ್ವಾದ ಅದು. ಬಾಡು ರೋಗ ಬಡಿದು ತೋಟಗಳು ಕುಗ್ಗಿದ್ದರಿಂದ ಹೆಸರೇ ಹೆಚ್ಚು, ಹಣ್ಣು ಕಡಿಮೆ ಎಂಬಂತಾಗಿದೆ. ಅಂಗಡಿಯಾತ ತಾನಾಗಿಯೇ, ‘ಇದು ರಸಬಾಳೆ ಅಲ್ಲ ಬುದ್ಧಿ, ಏಲಕ್ಕಿ ಬಾಳೆ’ ಎಂದು ಹೇಳಿ ಮಾರಿದನು. ಆ ಒಂದು ಮಾತಿಗಾಗಿ ಇನ್ನೂ ಒಂದು ಚಿಪ್ಪು ಕೊಂಡೆವು.

ಇಲ್ಲಿಂದ ಮುಂದಿನದು ನಿಜವಾದ ಸೈಕಲ್ ದಾರಿ. ನದಿಯ ದಕ್ಷಿಣಕ್ಕೆ, ಹೆದ್ದಾರಿಯನ್ನು ಬಿಟ್ಟು, ಹಳ್ಳಿಯಿಂದ ಹಳ್ಳಿಗೆ ಹೊರಳುವ ರಸ್ತೆಗಳು. ಏರು ಬಂದರೆ ಹುರುಳಿ, ಜೋಳದ ಒಣ ಹೊಲ. ಇಳಿಜಾರಿಗೆ ಬಂದೊಡನೆ ಕಾಲುವೆಯ ನೀರು, ಭತ್ತ, ಕಬ್ಬು, ತೆಂಗು. ದಿಣ್ಣೆ ಹತ್ತುವಾಗ ಬಿಸಿಲು, ಇಳಿಯುವಾಗ ತಂಪು. ಕಣ್ಣು ಮುಚ್ಚಿಕೊಂಡರೂ ಎಲ್ಲಿದ್ದೇವೆಂದು ಮೈಗೆ ತಿಳಿಯುತ್ತದೆ. ಪ್ರತಿ ಊರಿನ ಮುಂದೆಯೂ ಒಂದು ಅರಳಿಕಟ್ಟೆ, ಒಂದು ಬಸವನ ಗುಡಿ, ಆಗಾಗ ಒಂದು ಸಣ್ಣ ಮಠ. ಹೊತ್ತಿದ್ದವರು ಗುರುಮಲ್ಲೇಶ್ವರರ ದಾಸೋಹಕ್ಕೆ ಹೆಸರಾದ ದೇವನೂರು ಮಠವನ್ನೂ ಸೇರಿಸಿಕೊಳ್ಳಬಹುದು. ಒಂದೆಡೆ ನಮ್ಮ ಸೈಕಲ್ಲೊಂದಕ್ಕೆ ಗಾಳಿ ಇಳಿದಾಗ, ಪಂಪು ತಂದುಕೊಟ್ಟ ಅಜ್ಜ, ‘ಮೈಸೂರಿಂದ ತುಳ್ಕೊಂಡೇ ಬಂದ್ರಾ?’ ಎಂದು ಎರಡು ಬಾರಿ ಕೇಳಿ ದೃಢಪಡಿಸಿಕೊಂಡ ಮೇಲೆ ಮಜ್ಜಿಗೆ ಕೊಡಿಸದೆ ಬಿಡಲಿಲ್ಲ.

ಸುತ್ತೂರು ದೂರದಿಂದ ದೊಡ್ಡ ಊರೆಂದು ತೋರುವುದಿಲ್ಲ. ತೆಂಗಿನ ತೋಪುಗಳ ನಡುವೆ ಕಪಿಲೆಯ ದಂಡೆಯಲ್ಲಿ ಹರಡಿಕೊಂಡಿದೆ. ಮಠದ ಪರಂಪರೆ ಹೇಳುವ ಮೂಲವೃತ್ತಾಂತ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. ತಲಕಾಡಿನ ಗಂಗ ಅರಸ ರಾಚಮಲ್ಲನ ಸೇನೆಗೂ ತಂಜಾವೂರಿನ ಚೋಳ ಅರಸನ ಸೇನೆಗೂ ಇದೇ ನದಿಯ ದಂಡೆಯಲ್ಲಿ ಕದನ ಸನ್ನದ್ಧವಾಗಿದ್ದಾಗ, ಶಿವರಾತ್ರೀಶ್ವರ ಶಿವಯೋಗಿಗಳು ಎರಡು ಪಡೆಗಳ ನಡುವೆ ಪ್ರತ್ಯಕ್ಷರಾಗಿ ಯುದ್ಧವನ್ನು ನಿಲ್ಲಿಸಿದರು. ಅರಸರಿಬ್ಬರ ಪ್ರಾರ್ಥನೆಯಂತೆ ಇಲ್ಲಿ ನೆಲೆನಿಂತು ಮಠವನ್ನು ಸ್ಥಾಪಿಸಿದರು. ರಾಜ್ಯಗಳ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ಕ್ರಿ.ಶ. 1004ರ ಸುಮಾರಿಗೆ ತಲಕಾಡು ಚೋಳರ ಕೈಸೇರಿತು, ಗಂಗರ ಆಳ್ವಿಕೆ ಕೊನೆಗೊಂಡಿತು. ಮುಂದೆ ಆ ರಾಜಧಾನಿಯ ಗುಡಿಗಳ ಮೇಲೆ ಮರಳು ಬಿತ್ತು. ಚೋಳರೂ ಹೋದರು. ಕತ್ತಿಗಳ ನಡುವೆ ನಿಂತವರ ಗದ್ದುಗೆಗೆ ಮಾತ್ರ ಇಂದು ಬೆಳಿಗ್ಗೆಯೂ ಹೂವೇರಿತ್ತು. ಯಾರ್ಕ್‌ಷೈರಿನ ಮಾಡಿಲ್ಲದ ಮಠ ನಮಗೆ ನೆನಪಾದುದು ಈ ಗದ್ದುಗೆಯ ಮುಂದೆ. ಅಲ್ಲಿನ ಸಂನ್ಯಾಸಿಗಳ ದುಡಿಮೆ ಕಡಿಮೆಯದಲ್ಲ. ಅರಸನ ಆಜ್ಞೆಯ ಎದುರು ಮಾತ್ರ ಆ ಮಠ ಉಳಿಯಲಿಲ್ಲ. ಇಲ್ಲಿ ಕಾಳು ತಂದು ಸುರಿಯುವ ಒಕ್ಕಲು ಇದೆ, ಉಣ್ಣಲು ಕೂಡುವ ಪಂಕ್ತಿ ಇದೆ. ಮಠವನ್ನು ಉಳಿಸಿದುದು ಇವೆರಡೇ ಎಂದು ನಾವು ತಿಳಿಯುತ್ತೇವೆ.

ದಾಸೋಹದ ಮನೆಯಲ್ಲಿ ಯಾರೂ ನಮ್ಮ ಹೆಸರು, ಊರು, ಕುಲ ಕೇಳಲಿಲ್ಲ. ಬೆವರಿನಲ್ಲಿ ತೊಯ್ದ ಅಂಗಿಗಳನ್ನು ನೋಡಿ ಬಡಿಸುವಾಕೆ, ‘ಮೊದ್ಲು ಕೈಕಾಲು ತೊಳ್ಕೊಂಡು ಕೂತ್ಕೊಳಿ ಅಣ್ಣ, ಪ್ರಸಾದ ಎಲ್ಲೂ ಹೋಗಾಕಿಲ್ಲ’ ಎಂದರು. ಅನ್ನ, ಸಾರು, ಪಲ್ಯ, ಮಜ್ಜಿಗೆ. 45 ಕಿ.ಮೀ. ತುಳಿದ ಹಸಿವಿಗೆ ಅದರ ರುಚಿಯನ್ನು ಬರೆದು ತಿಳಿಸಲಾಗದು. ನಮ್ಮ ಪಂಕ್ತಿಯಲ್ಲೇ ಶಾಲೆಯ ಮಕ್ಕಳೂ ಕುಳಿತಿದ್ದರು. ಇಲ್ಲಿನ ವಸತಿ ಶಾಲೆಯಲ್ಲಿ ಸಾವಿರಾರು ಮಕ್ಕಳು ಉಚಿತ ಊಟ ವಸತಿಗಳೊಡನೆ ಓದುತ್ತಾರೆ. ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳೂ ಇದ್ದಾರೆ. ಲಿಂಗೈಕ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು (1916–1986) ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಪ್ರಸಾದ ನಿಲಯ ತೆರೆದು, 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಕಟ್ಟಿದ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆ ನಿಲಯಗಳಲ್ಲಿ ಉಂಡು ಓದಿದವರು ಈ ಪತ್ರಿಕೆಯ ಓದುಗರಲ್ಲೇ ಎಷ್ಟೋ ಮಂದಿ.

ಊಟದ ಮೇಲೆ ನದಿಯ ಮೆಟ್ಟಿಲಲ್ಲಿ ಒಂದು ಗಳಿಗೆ ಒರಗಿ, ಕೃಷಿ ವಿಜ್ಞಾನ ಕೇಂದ್ರದ ತಾಕುಗಳನ್ನು ನೋಡಿಕೊಂಡು ಮೂರು ಗಂಟೆಗೆ ಹೊರಟೆವು. ಸೇತುವೆ ದಾಟಿದರೆ ಆಚೆ ದಡದಲ್ಲಿ ಹೊಸಕೋಟೆ. ಹೆಸರಿನಲ್ಲಿ ಕೋಟೆಯಿದೆ, ಕಣ್ಣಿಗೆ ಕಾಣುವುದು ಗದ್ದೆ. ಇಲ್ಲಿಂದ ವರುಣದವರೆಗೆ ದಾರಿ ಮತ್ತೆ ಏರುಮುಖ. ಬೆಳಿಗ್ಗೆ ಇಳಿದುದನ್ನೆಲ್ಲ ಸಂಜೆ ಹತ್ತಿ ತೀರಿಸಬೇಕು. ಗೇರಿಲ್ಲದ ಸೈಕಲ್ಲಿನವರು ಎರಡು ಮೂರು ಕಡೆ ಇಳಿದು ತಳ್ಳಿದರು. ಚಾಮುಂಡಿ ಬೆಟ್ಟ ಎದುರಿಗೆ ಕಾಣಿಸಿಕೊಂಡಾಗ ಎಲ್ಲರಿಗೂ ಮನೆ ಬಂದಷ್ಟು ಸಂತೋಷ. ಬೆಟ್ಟ ಕಂಡ ಮೇಲೂ ಒಂದೂವರೆ ಗಂಟೆಯ ದಾರಿಯಿತ್ತೆಂಬುದು ಬೇರೆ ಮಾತು. ವರುಣದಲ್ಲಿ ತಿರುಮಕೂಡಲು ನರಸೀಪುರದ ರಸ್ತೆ ಸೇರಿ, 1921ರ ಲಲಿತಮಹಲಿನ ಬಿಳಿಯ ಗುಮ್ಮಟ ನೋಡುತ್ತ, ಬೆಟ್ಟದ ಪಾದದಲ್ಲಿರುವ ಸುತ್ತೂರು ಮಠದ ಮೈಸೂರು ಶಾಖೆಯ ಮುಂದೆ ನಿಂತಾಗ ದೀಪ ಹಚ್ಚುವ ಹೊತ್ತು.

ಹೋಗಬಯಸುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಜನವರಿ–ಫೆಬ್ರವರಿಯ ಸುಮಾರಿಗೆ ಬರುವ ಸುತ್ತೂರು ಜಾತ್ರೆಯಲ್ಲಿ ರಥೋತ್ಸವ, ಕೊಂಡೋತ್ಸವ, ತೆಪ್ಪೋತ್ಸವಗಳಲ್ಲದೆ ದನಗಳ ಜಾತ್ರೆ, ಕುಸ್ತಿ, ಕೃಷಿಮೇಳ, ಸಾಮೂಹಿಕ ವಿವಾಹಗಳೂ ನಡೆಯುತ್ತವೆ. ಆ ದಿನಗಳಲ್ಲಿ ವಾಹನಗಳ ನೂಕುನುಗ್ಗಲು ವಿಪರೀತವಾದುದರಿಂದ ಸಣ್ಣ ಮಕ್ಕಳನ್ನು ಸೈಕಲ್ಲಿನಲ್ಲಿ ಕರೆತರುವುದು ಬೇಡ. ಹೆದ್ದಾರಿಯ ಭಾಗ ಬೇಡವೆನ್ನುವವರು ಸೈಕಲ್ಲನ್ನು ನಂಜನಗೂಡಿನವರೆಗೆ ಯಾವುದಾದರೂ ವಾಹನದಲ್ಲಿ ಸಾಗಿಸಿ ಅಲ್ಲಿಂದ ಸವಾರಿ ಆರಂಭಿಸಬಹುದು. ಹೆಂಗಸರು ಮಕ್ಕಳಿರುವ ತಂಡಕ್ಕೆ ನಾವು ಹೇಳುವುದು ಇದನ್ನೇ. ಹೆಲ್ಮೆಟ್ಟು, ಒಂದು ಹೆಚ್ಚಿನ ಟ್ಯೂಬು, ಪಂಪು, ಸಂಜೆಗೆ ಹಿಂದೆ ಮುಂದೆ ದೀಪ ಇರಲೇಬೇಕು. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಸುತ್ತೂರಿನ ಸೇತುವೆ ಮುಳುಗುವುದುಂಟು. ಆ ತಿಂಗಳುಗಳಲ್ಲಿ ಹೊರಡುವ ಮುನ್ನ ಊರಿನವರನ್ನು ವಿಚಾರಿಸಿಕೊಳ್ಳಬೇಕು. ಸೇತುವೆ ಮುಳುಗಿದ್ದರೆ ನಂಜನಗೂಡಿನ ಮೇಲೆಯೇ ಹಿಂದಿರುಗಬೇಕಾಗುತ್ತದೆ.